ಕೆಡಿಸುವ ಕೆಲಸಕ್ಕೆ ನಿಂತ ರಿಪೇರಿ ಮಾಮ

ವಾರ್ಷಿಕ ಪರೀಕ್ಷೆಗೆ ಮುಂಚಿನ ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಸೂರ್ಯನೂ ಕಾವಲುಗಾರನೂ ಇನ್ನೂ ಪೂರ್ತಿ ಕಣ್ಣು ಬಿಡದ ಹೊತ್ತಿನಲ್ಲಿ, ಶಾಲೆಯ ಕೈ ತೊಳೆಯುವ ಕಟ್ಟೆಯ ಮೂರನೆಯ ನಲ್ಲಿಯಿಂದ ಒಂದು ಒಳ್ಳೆಯ ವಾಷರನ್ನು ತೆಗೆದು ಸವೆದ ವಾಷರನ್ನು ಹಾಕಲಾಯಿತು ಎಂಬ ಸಂಗತಿಯನ್ನು ಸಾರ್ವಜನಿಕರ ಗಮನಕ್ಕೆ ತರಬೇಕಾಗಿದೆ. ವಾಷರ್ ಎಂದರೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ರಬ್ಬರ್ ಬಿಲ್ಲೆ. ಈ ಕೃತ್ಯ ಎಸಗಿದವರು ಕಳ್ಳರಲ್ಲ, ಪುಂಡರಲ್ಲ. ಇಪ್ಪತ್ತಾರು ವರ್ಷಗಳಿಂದ ಅದೇ ಶಾಲೆಯ ನಲ್ಲಿ, ಫ್ಯಾನು, ಬೀಗ, ಬೆಂಚುಗಳನ್ನು ಸರಿಮಾಡುತ್ತ ಬಂದಿರುವ ರಿಪೇರಿಯವರು. ಕೆಲಸ ಮುಗಿಸಿ ಅವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ತಲೆ ಓರೆ ಮಾಡಿ ಆಲಿಸುತ್ತಾರೆ. ಟಪ್. ಟಪ್. ಟಪ್.

"ಜೋರಾಯ್ತು," ಎನ್ನುತ್ತ ಮತ್ತೆ ಪಾನಾ ಹಿಡಿಯುತ್ತಾರೆ. "ಇಷ್ಟು ಸೋರಿದ್ರೆ ನೋಡಿದ ತಕ್ಷಣ ಗೊತ್ತಾಗ್ಬಿಡತ್ತೆ. ಕೇಡು ಅನ್ನೋದು ಮರ್ಯಾದಸ್ಥರ ಮನೆ ಜಗಳದ ಹಾಗಿರ್ಬೇಕು. ಹತ್ರ ಹೋದವರಿಗೆ ಮಾತ್ರ ಕೇಳಿಸ್ಬೇಕು."

ಮಕ್ಕಳ ಬಾಯಲ್ಲಿ ಇವರು ರಿಪೇರಿ ಮಾಮ. ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾರೆ, ಆರಕ್ಕೆ ಶಾಲೆಯಲ್ಲಿರುತ್ತಾರೆ. ಎರಡು ಅಂತಸ್ತಿನ ಆ ಕಟ್ಟಡದಲ್ಲಿ ಅವರ ಸುಪರ್ದಿಗೆ ಸೇರಿದ್ದು ಮೂವತ್ತೊಂದು ನಲ್ಲಿ, ಐವತ್ತೆರಡು ಫ್ಯಾನು, ಲೆಕ್ಕವಿಲ್ಲದಷ್ಟು ಚಿಲಕ. ಏಳೂವರೆಯ ತನಕ ಕೆಟ್ಟಿದ್ದನ್ನು ಸರಿಮಾಡುತ್ತಾರೆ. ವಾರಕ್ಕೊಂದು ಬೆಳಿಗ್ಗೆ ಮಾತ್ರ ಸರಿಯಾಗಿದ್ದುದನ್ನು ಕೆಡಿಸುತ್ತಾರೆ. ಎರಡನೆಯದೇ ಕಷ್ಟ ಎಂಬುದು ಅವರ ಅಭಿಪ್ರಾಯ.

ಕೆಡಿಸುವುದು ಏಳನೇ ತರಗತಿಯ 'ಎ' ವಿಭಾಗಕ್ಕಾಗಿ. ಅಲ್ಲಿನ ವಿಜ್ಞಾನದ ಟೀಚರ್ ವರ್ಷದ ಮೊದಲಿನಿಂದ ಹೊಸ ಕ್ರಮವೊಂದನ್ನು ನಡೆಸುತ್ತಿದ್ದಾರೆ. ಸುತ್ತೋಲೆಗಳಲ್ಲಿ ಅದರ ಹೆಸರು 'ಸಮಸ್ಯಾಧಾರಿತ ಕಲಿಕೆ'. ಮಕ್ಕಳು ಉಸಿರು ಉಳಿಸಲೆಂದು 'ಕೇಡಿನ ಪೀರಿಯಡ್' ಎನ್ನುತ್ತಾರೆ. ಮೊದಲು ಪಾಠ, ಆಮೇಲೆ ಪ್ರಶ್ನೆ ಎಂಬ ಹಳೆಯ ದಾರಿಯನ್ನು ಇಲ್ಲಿ ತಿರುಗಿಸಲಾಗಿದೆ. ಮೊದಲು ನಿಜವಾದ ಒಂದು ತೊಂದರೆ. ಮಕ್ಕಳು ಗುಂಪಾಗಿ ಅದರ ಹಿಂದೆ ಬಿದ್ದು, ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಬರೆದು, ಗೊತ್ತಿಲ್ಲದ್ದನ್ನು ಪುಸ್ತಕದಲ್ಲೋ ಹಿರಿಯರಲ್ಲೋ ಹುಡುಕಬೇಕು. ಪಾಠ ಆ ಹುಡುಕಾಟದಲ್ಲಿ ಸಿಗುತ್ತದೆ. ಸಿಗದಿದ್ದರೆ? "ಅದೇ ಭಯ," ಎಂದು ಟೀಚರ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ.

ತೊಂದರೆಗಳನ್ನು ಕಾಗದದ ಮೇಲೆ ಬರೆದುಕೊಡಬಹುದಿತ್ತು. ಮೊದಲ ವಾರ ಹಾಗೆಯೇ ಮಾಡಿದರು. 'ಒಂದು ನಲ್ಲಿ ಸೋರುತ್ತಿದೆ ಎಂದುಕೊಳ್ಳಿ' ಎಂದು ಟೀಚರ್ ಓದುತ್ತಿದ್ದಾಗ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದ ರಿಪೇರಿ ಮಾಮ ತಡೆಯಲಾರದೆ ಬಾಯಿ ಹಾಕಿದರು: "ಅಂದ್ಕೊಳ್ಳೋದು ಯಾಕೆ ಮೇಡಂ? ಸೋರಿಸಿ ಕೊಡ್ತೀನಿ."

ಅಂದಿನಿಂದ ಇಪ್ಪತ್ತೇಳು ಕೇಡುಗಳಾಗಿವೆ. ಪ್ರತಿಯೊಂದೂ ಒಂದು ಹಳೆಯ ಡೈರಿಯಲ್ಲಿ ದಾಖಲಾಗಿದೆ. ಹೊರಳದ ಕೀಲು, ಒಂದೇ ಕಡೆ ವಾಲುವ ತಕ್ಕಡಿ, ಮಧ್ಯಾಹ್ನ ಮಾತ್ರ ಸಿಕ್ಕಿಕೊಳ್ಳುವ ಕಬ್ಬಿಣದ ಬಾಗಿಲು. ಕರೆಂಟಿನ ತಂಟೆಗೆ ಮಾತ್ರ ಅವರು ಹೋಗುವುದಿಲ್ಲ. "ಅದ್ರಲ್ಲಿ ತಪ್ಪು ಉತ್ತರಕ್ಕೆ ಸೊನ್ನೆ ಬರಲ್ಲ, ಶಾಕ್ ಬರತ್ತೆ."

ಕಲಿಸುವ ಈ ಬಗೆ ಅವರಿಗೆ ಹೊಸದಲ್ಲ. ಏಳನೇ ತರಗತಿಯಲ್ಲಿ ನಪಾಸಾಗಿ, ಸೋದರಮಾವನ ವರ್ಕ್‌ಷಾಪಿಗೆ ಸೇರಿದವರು ಅವರು. ನಪಾಸಾದದ್ದು ವಿಜ್ಞಾನದಲ್ಲಿ. "ಒತ್ತಡ ಎಂದರೇನು ಅಂತ ಕೇಳಿದ್ರು. ಗೊತ್ತಿತ್ತು, ಬಾಯಿಗೆ ಬರ್ಲಿಲ್ಲ. ಕೈಗೊಂದು ಪೈಪ್ ಕೊಟ್ಟಿದ್ರೆ ತೋರಿಸ್ತಿದ್ದೆ, ಮೇಷ್ಟ್ರು ನೆನೀತಿದ್ರು." ಸೋದರಮಾವ ಮಾತ್ರ ಪಾನಾ ಮುಟ್ಟಲು ಬಿಡುತ್ತಿರಲಿಲ್ಲ. ಕೆಟ್ಟ ವಸ್ತುವಿನ ಎದುರು ಕೂರಿಸಿ, ಮೂರು ಕಾರಣ ಹೇಳು, ಆಮೇಲೆ ಕೈ ಹಾಕು ಎನ್ನುತ್ತಿದ್ದರು. ಅದೇ ಈಗ ಕೇಡಿನ ಪೀರಿಯಡ್ಡಿನ ಮೊದಲ ಕಾನೂನು.

ಈ ಕಾನೂನು ಮನೆಗೂ ಹಬ್ಬಿದೆ ಎಂದು ಅವರ ಹೆಂಡತಿಯ ದೂರು. "ಸರಿ ಮಾಡೋಕೆ ಅಂತ ಇಟ್ಕೊಂಡ್ರು, ಈಗ ಕೆಡಿಸೋಕೆ ಕಳಿಸ್ತಾರೆ. ಇಲ್ಲಿ ಇಸ್ತ್ರಿ ಪೆಟ್ಟಿಗೆ ಕೆಟ್ಟು ಎರಡು ತಿಂಗಳು. ಸರಿ ಮಾಡ್ರೀ ಅಂದ್ರೆ, ಮೂರು ಕಾರಣ ಹೇಳು ಅಂತಾರೆ. ಮೊದಲನೇ ಕಾರಣ ನೀವೇ, ಎರಡನೇದೂ ನೀವೇ, ಮೂರನೇದು ನಮ್ಮಪ್ಪ ಸರಿಯಾಗಿ ವಿಚಾರಿಸದೆ ಕೊಟ್ಟಿದ್ದು ಅಂದೆ." ಪಕ್ಕದಲ್ಲೇ ಕೂತ ಮಾಮ ತಲೆಯಾಡಿಸುತ್ತಾರೆ: "ಮೂರೂ ಸರಿ ಉತ್ತರ."

ನಗೆಯ ಹಿಂದೆ ಒಂದು ಕತ್ತಿ ತೂಗುತ್ತಿತ್ತು. ಫೋನ್ ಮಾಡಿದರೆ ಬಂದು ರಿಪೇರಿ ಮಾಡಿ ಹೋಗುವ ಕಂಪನಿಯೊಂದಕ್ಕೆ ಶಾಲೆಯ ಎಲ್ಲ ಕೆಲಸ ಒಪ್ಪಿಸಿ, ರಿಪೇರಿಯವರ ಹುದ್ದೆಯನ್ನೇ ತೆಗೆಯುವುದೆಂದು ಆಡಳಿತ ಸಮಿತಿ ಕಳೆದ ವರ್ಷವೇ ಯೋಚಿಸಿತ್ತು. ಅವರಿಲ್ಲದೆ ನನ್ನ ಪಾಠ ನಡೆಯುವುದಿಲ್ಲ ಎಂದು ಟೀಚರ್ ಹಟ ಹಿಡಿದರು. ಹೆಡ್‌ಮಾಸ್ಟರು ಒಂದು ವರ್ಷದ ಅವಕಾಶ ಕೊಟ್ಟರು, ಷರತ್ತಿನೊಂದಿಗೆ. ಹಳೆಯ ಕ್ರಮದಲ್ಲಿ ಓದುವ 'ಬಿ' ವಿಭಾಗಕ್ಕೂ 'ಎ' ವಿಭಾಗಕ್ಕೂ ಒಂದೇ ಪ್ರಶ್ನೆಪತ್ರಿಕೆ; ವರ್ಷದ ಕೊನೆಗೆ ಪೋಷಕರ ಮತ. ಪದ್ಧತಿ ಬಿದ್ದರೆ ಹುದ್ದೆಯೂ ಬೀಳುತ್ತದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪದ್ಧತಿ ಬಿದ್ದೇಬಿಟ್ಟಿತು. ಸರಾಸರಿಯಲ್ಲಿ 'ಎ' ವಿಭಾಗ ಹನ್ನೊಂದು ಅಂಕ ಹಿಂದೆ. 'ಬಿ'ಯವರು ಏಳು ಅಧ್ಯಾಯ ಮುಗಿಸಿದ್ದರೆ ಇವರದು ನಾಲ್ಕು. ಒಂದು ಬಾಗಿಲು ಮಧ್ಯಾಹ್ನ ಮಾತ್ರ ಏಕೆ ಸಿಕ್ಕಿಕೊಳ್ಳುತ್ತದೆ ಎಂದು ಮಕ್ಕಳು ಒಂಬತ್ತು ದಿನ ಕೆದಕಿದ್ದರು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂಬುದು ಪುಸ್ತಕದಲ್ಲಿ ಎರಡು ಸಾಲು. ಗುಂಪಿನ ಕೆಲಸವೆಂಬುದೂ ಅಷ್ಟರಲ್ಲೇ ಇತ್ತು. ತರಗತಿಯಲ್ಲಿ ಧ್ವನಿವರ್ಧಕವೆಂದು ಹೆಸರಾದ ಹುಡುಗನೊಬ್ಬ ಯೋಚಿಸುತ್ತಿದ್ದ, ಹೇಳುತ್ತಿದ್ದ, ಬಿಚ್ಚುತ್ತಿದ್ದ. ಉಳಿದ ಮೂವತ್ತೇಳು ಮಂದಿ ಮದುವೆಗೆ ಬಂದ ದೂರದ ನೆಂಟರಂತೆ ನಿಂತು ನೋಡುತ್ತಿದ್ದರು. ಸಾಲದ್ದಕ್ಕೆ, ಒಮ್ಮೆ ಕಾರಿಡಾರಿನ ಗೋಡೆಯೊಳಗೆ ನಿಜವಾಗಿಯೇ ಪೈಪು ಒಡೆದು ಎರಡು ದಿನ ನೀರು ಹರಿಯಿತು. 'ಈ ವಾರದ ಪಾಠ ಇರಬೇಕು' ಎಂದುಕೊಂಡು ಹೆಡ್‌ಮಾಸ್ಟರಾದಿಯಾಗಿ ಎಲ್ಲರೂ ಅದನ್ನು ಗೌರವದಿಂದ ದಾಟಿಕೊಂಡು ಓಡಾಡಿದರು.

ಪೋಷಕರ ಪೈಕಿ ಔಷಧಿ ಅಂಗಡಿಯವರೊಬ್ಬರು ಖಾರವಾಗಿಯೇ ಹೇಳಿದ್ದರು: "ನನ್ನ ಮಗಳು ಮೊದಲೇ ಮಾತಾಡಲ್ಲ. ಈಗ ಮಾತಾಡದೇ ನಲ್ಲಿ ನೋಡ್ತಾ ನಿಂತಿರ್ತಾಳೆ. ಇದಕ್ಕೆ ಶಾಲೆ ಬೇಕಾ? ನಲ್ಲಿ ನಮ್ಮನೇಲೂ ಇದೆ."

ಮಾತು ರಿಪೇರಿ ಮಾಮನಿಗೆ ನಾಟಿತು. "ಅವರು ಹೇಳಿದ್ದು ಸರೀನೇ. ಪೈಪ್ ಚೆನ್ನಾಗಿದ್ರೂ ಎಲ್ಲ ನೀರೂ ಒಂದೇ ನಲ್ಲೀಲಿ ಹೋಗ್ತಿತ್ತು," ಎನ್ನುತ್ತಾರೆ. ಮಾರನೆಯ ವಾರದಿಂದ ಎರಡನೆಯ ಕಾನೂನು ಬಂತು: ಕಾರಣ ಗೊತ್ತೆಂದವರು ಬಾಯಿ ಮಾತ್ರ ಆಡಿಸಬೇಕು, ಗೊತ್ತಿಲ್ಲದವರೇ ಪಾನಾ ಹಿಡಿಯಬೇಕು. ಧ್ವನಿವರ್ಧಕನಿಗೆ ಇದು ಕೈ ಕಟ್ಟಿ ನೀರಿಗೆ ಬಿಟ್ಟಂತಾಯಿತು. ಪಾನಾ ಹಿಡಿದವರಿಗೆ ಅರ್ಥವಾಗುವಂತೆ ಹೇಳದೆ ಗತಿಯಿಲ್ಲ. ಹೇಳಹೋದರೆ ತನಗೇ ಅರ್ಧ ಗೊತ್ತಿಲ್ಲವೆಂದು ಗೊತ್ತಾಗುತ್ತದೆ. ಟೀಚರ್ ಕೂಡ ಜಿಗುಟುತನ ಬಿಟ್ಟು, ಶುಕ್ರವಾರಗಳನ್ನು ಹಳೆಯ ಕ್ರಮದ ಪಾಠಕ್ಕೇ ಮೀಸಲಿಟ್ಟರು. "ಎಲ್ಲವನ್ನೂ ಮಕ್ಕಳೇ ಕಂಡುಹಿಡೀಲಿ ಅಂತ ಕೂತರೆ ಅವರು ಮೊಮ್ಮಕ್ಕಳನ್ನ ಕಾಣೋ ಹೊತ್ತಿಗೆ ಎಂಟನೇ ಅಧ್ಯಾಯ ಬರತ್ತೆ," ಎನ್ನುತ್ತಾರೆ ಅವರು. "ಕೆಲವನ್ನ ಹೇಳ್ಬಿಡಬೇಕು. ಯಾವುದನ್ನ ಹೇಳ್ಬಾರದು ಅನ್ನೋದೇ ಕಷ್ಟದ ವಿದ್ಯೆ."

ಕಳೆದ ಶನಿವಾರ ಮತದ ದಿನ. ಕೆಳಗಿನ ಸಭಾಂಗಣದಲ್ಲಿ ಎರಡೂ ವಿಭಾಗಗಳ ಮೂವತ್ತೈದು ಪೋಷಕರು. ಹಿಂದಿನ ಬೆಂಚುಗಳಲ್ಲಿ ಮಕ್ಕಳು. ಹೆಡ್‌ಮಾಸ್ಟರು ವಾರ್ಷಿಕ ಪರೀಕ್ಷೆಯ ಫಲಿತಾಂಶ ಓದಿದರು. ವ್ಯಾಖ್ಯೆ ಬರೆಯುವ ಪ್ರಶ್ನೆಗಳಲ್ಲಿ 'ಬಿ' ತುಸು ಮುಂದೆ, ಕಾರಣ ಕೊಡುವ ಪ್ರಶ್ನೆಗಳಲ್ಲಿ 'ಎ' ಮುಂದೆ. ಒಟ್ಟಿನಲ್ಲಿ ಸಮ.

"ಸಮ ಆಗೋಕೆ ಇಷ್ಟೆಲ್ಲ ರಾದ್ಧಾಂತ ಯಾಕೆ ಸಾರ್?" ಎಂದು ಔಷಧಿ ಅಂಗಡಿಯವರು ಎದ್ದು ನಿಂತರು. ಹಲವು ತಲೆಗಳು ಅಲ್ಲಾಡಿದವು. ಅದೇ ಸಮಯಕ್ಕೆ ಕಾವಲುಗಾರ ಓಡಿ ಬಂದ: ಕೆಳ ಅಂತಸ್ತಿನ ಒಂದು ನಲ್ಲಿಯಲ್ಲೂ ನೀರಿಲ್ಲ, ಶೌಚಾಲಯದಲ್ಲೂ ಇಲ್ಲ.

ಸಭೆ ಒಂದೇ ಕುತ್ತಿಗೆಯಂತೆ ರಿಪೇರಿ ಮಾಮನ ಕಡೆ ತಿರುಗಿತು.

"ಇದು ನಂದಲ್ಲ," ಎಂದರು ಮಾಮ. ತೋಳ ಬಂತು ತೋಳ ಎಂದು ಇಪ್ಪತ್ತೇಳು ಸಲ ಕೂಗಿದವರ ಮಾತನ್ನು ಯಾರು ನಂಬುತ್ತಾರೆ? "ಇವತ್ತಾದ್ರೂ ನಾಟಕ ಬಿಡಿ," ಎಂದಿತು ಒಂದು ದನಿ. ಹೆಡ್‌ಮಾಸ್ಟರು ಕಂಪನಿಗೆ ಫೋನ್ ಮಾಡಿದರು. ನಾಳೆ ಬರುತ್ತೇವೆ ಎಂಬ ಉತ್ತರ ಬಂತು.

ಮಾಮ ತಾರಸಿ ಹತ್ತಿದರು. ಟ್ಯಾಂಕು ತುಂಬಿತ್ತು. ಕೆಳಗಿನ ಅಂತಸ್ತಿನ ಪೈಪಿಗೆ ನೀರು ಬಿಡುವ ವಾಲ್ವನ್ನು ತಿರುಗಿಸಿದರು, ಬಿಚ್ಚಿದರು, ಸರಿಯಿತ್ತು. ಮತ್ತೆ ಬಿಚ್ಚಿದರು, ಆಗಲೂ ಸರಿಯಿತ್ತು. ಅರ್ಧ ಗಂಟೆ ಕಳೆಯಿತು. ಬೆವರೊರೆಸುತ್ತ ಕೆಳಗಿಳಿದಾಗ ಮಕ್ಕಳು ಮೆಟ್ಟಿಲ ಬಳಿ ಬರೆಯುತ್ತ ಕೂತಿದ್ದರು: ಮೇಲಿನ ಅಂತಸ್ತಿಗೆ ಬೇರೆ ಪೈಪು, ಅಲ್ಲಿ ನೀರು ಬರುತ್ತಿದೆ. ನಿನ್ನೆ ಸಂಜೆಯ ತನಕ ಇಲ್ಲೂ ಬರುತ್ತಿತ್ತು. ಇಂದು ಬೆಳಿಗ್ಗೆ, ಮಾದರಿ ಕೆಲಸವೆಂದು, ಕಂಪನಿಯವರು ಬಂದು ಟ್ಯಾಂಕು ತೊಳೆದು ತುಂಬಿಸಿ ಹೋಗಿದ್ದಾರೆ.

"ಏನೋ ಕೆಟ್ಟಿದೆ, ಎಲ್ಲಿ ಅಂತ ಸಿಗ್ತಿಲ್ಲ," ಎಂದರು ಮಾಮ.

"ಏನೂ ಕೆಟ್ಟೇ ಇಲ್ದಿದ್ರೆ ಮಾಮ?" ಎಂದಳು ಔಷಧಿ ಅಂಗಡಿಯವರ ಮಗಳು. ಎಲ್ಲರೂ ಅವಳನ್ನೇ ನೋಡಿದರು. ಅವಳಪ್ಪ ಎಲ್ಲರಿಗಿಂತ ಹೆಚ್ಚು. ಅವಳು ನೆಲ ನೋಡುತ್ತಲೇ ಮುಂದುವರಿಸಿದಳು: "ನೀವು ಕೆಡಿಸಿಲ್ಲ. ಕಂಪನಿಯವರೂ ಕೆಡಿಸಿಲ್ಲ. ಖಾಲಿ ಮಾಡಿ ತುಂಬಿದ್ರು ಅಷ್ಟೆ. ಪೈಪ್ ಇಲ್ಲಿ ಬಾಗಿಲ ಮೇಲೆ ಹತ್ತಿ ಇಳಿಯತ್ತಲ್ಲ, ಒಂಟೆ ಬೆನ್ನಿನ ಹಾಗೆ? ನೀರು ಖಾಲಿಯಾದಾಗ ಅಲ್ಲಿ ಗಾಳಿ ಸೇರ್ಕೊಂಡಿರ್ಬೇಕು. ಅದು ದಾರಿ ಬಿಡ್ತಿಲ್ಲ."

ಮಾಮ ಬಾಗಿಲ ಮೇಲಿನ ಪೈಪನ್ನು ದಿಟ್ಟಿಸಿದರು. ಇಪ್ಪತ್ತಾರು ವರ್ಷ ದಿನವೂ ಅದರಡಿ ನಡೆದವರು. ಹಣೆ ಚಚ್ಚಿಕೊಂಡು ನಕ್ಕುಬಿಟ್ಟರು. "ಒಂದು ವರ್ಷ ಕೆಡಿಸಿ ಕೆಡಿಸಿ, ಯಾರಾದ್ರೂ ಕೆಡಿಸಿದ್ರೆ ಮಾತ್ರ ನೀರು ನಿಲ್ಲೋದು ಅಂತ ನನ್ನ ತಲೇಲಿ ಕೂತ್ಬಿಟ್ಟಿತ್ತು ಕಣಮ್ಮ. ನನ್ನ ಕೇಡಿಗೆಲ್ಲ ಉತ್ತರ ನನ್ನ ಡೈರೀಲಿರತ್ತೆ. ಇದಕ್ಕಿಲ್ಲ."

ಅಂಗಳದ ನಲ್ಲಿಗೆ ಟ್ಯಾಂಕಿನಿಂದಲ್ಲ, ಬೀದಿಯ ದೊಡ್ಡ ಪೈಪಿನಿಂದ ನೀರು, ಅದೂ ರಭಸದಿಂದ. ಅದಕ್ಕೂ ಒಳಗಿನ ಬತ್ತಿದ ನಲ್ಲಿಗೂ ಒಂದು ರಬ್ಬರ್ ಪೈಪು ಸಿಕ್ಕಿಸಿ ಎರಡನ್ನೂ ತಿರುಗಿಸಿದರೆ, ಆ ನೀರು ಹಿಂದು ಹಿಂದಕ್ಕೆ ನುಗ್ಗಿ ಗಾಳಿಯನ್ನು ಟ್ಯಾಂಕಿಗೇ ತಳ್ಳೀತು ಎಂದು ಧ್ವನಿವರ್ಧಕ ಬಿಡಿಸಿ ಹೇಳಿದ. ಕಾರಣ ಗೊತ್ತಿದ್ದವರು ಕೈ ಹಾಕುವಂತಿಲ್ಲ. ಏನೂ ಗೊತ್ತಿಲ್ಲದವರು ಯಾರಿದ್ದಾರೆ?

"ಅಪ್ಪ, ನೀವೇ ಹಿಡ್ಕೊಳ್ಳಿ," ಎಂದಳು ಮಗಳು.

ಔಷಧಿ ಅಂಗಡಿಯವರು ಅಂಗಿಯ ತೋಳು ಮಡಚಿ, ಎರಡು ಕೈಯಲ್ಲೂ ಪೈಪನ್ನು ನಲ್ಲಿಗೆ ಒತ್ತಿ ಹಿಡಿದರು. "ಬಿಗಿಯಾಗಿ ಅಪ್ಪ! ಅಯ್ಯೋ, ಇನ್ನೂ ಬಿಗಿ!" ಎಂದು, ಮನೆಯಲ್ಲಿ ಎಂದೂ ಕೇಳಿರದ ದನಿಯಲ್ಲಿ ಮಗಳು ಗದರಿಸುತ್ತಿದ್ದಳು. ಪೈಪು ಬುಸುಗುಟ್ಟಿತು, ನಡುಗಿತು, ಅವರ ಇಸ್ತ್ರಿಯ ಅಂಗಿಯನ್ನು ಕುತ್ತಿಗೆಯಿಂದ ಸೊಂಟದವರೆಗೆ ತೋಯಿಸಿತು. ಬಾಗಿಲ ಮೇಲೆ ಗುಡುಗುಡು ಸದ್ದೊಂದು ಹೊರಳಿ ಮೇಲಕ್ಕೆ ಹೋಯಿತು. ರಬ್ಬರ್ ಪೈಪನ್ನು ಕಿತ್ತರು. ಒಳಗಿನ ನಲ್ಲಿ ಎರಡು ಸಲ ಕೆಮ್ಮಿ, ಮಣ್ಣು ಬಣ್ಣದ ನೀರು ಉಗುಳಿ, ಆಮೇಲೆ ತಿಳಿನೀರನ್ನು ಧಾರೆಯಾಗಿ ಬಿಟ್ಟಿತು. ಮಕ್ಕಳ ಕೇಕೆಗೆ ಬೀದಿಯಲ್ಲಿ ಹೋಗುತ್ತಿದ್ದವರು ಗೇಟಿನ ಬಳಿ ನಿಂತರು. 'ಬಿ' ವಿಭಾಗದ ಪೋಷಕರೂ ಚಪ್ಪಾಳೆ ತಟ್ಟಿದರು.

"ನನ್ನ ಹೆಸರು ಪೇಪರಲ್ಲಿ ಬೇಡ," ಎನ್ನುತ್ತಾರೆ ರಿಪೇರಿ ಮಾಮ. "ಆ ಹುಡುಗಿ ಕೇಳಿದ ಪ್ರಶ್ನೆ ಹಾಕಿ. ನಂಗೆ ಹೊಳೀಲಿಲ್ಲ, ಅವಳಿಗೆ ಹೊಳೀತು. ಕಲಿಸಿದವನಿಗೆ ಇದಕ್ಕಿಂತ ಇನ್ನೇನು ಬೇಕು?"

ಹನ್ನೊಂದೂ ಮುಕ್ಕಾಲಿಗೆ ಸಭೆ ಮತ್ತೆ ಸೇರಿತು. ಪರವಾಗಿ ಮೂವತ್ತೊಂದು ಕೈ ಎದ್ದವು, ವಿರುದ್ಧ ನಾಲ್ಕು. ಬರುವ ವರ್ಷದಿಂದ ಎರಡೂ ವಿಭಾಗಗಳಿಗೆ ಈ ಪದ್ಧತಿ ಇರುತ್ತದೆ, ಶುಕ್ರವಾರ ಬಿಟ್ಟು. ಕಂಪನಿಯ ಪ್ರಸ್ತಾವವನ್ನು ಕೈಬಿಡಲಾಗಿದೆ. ರಿಪೇರಿಯವರ ಹುದ್ದೆ ಉಳಿದಿದೆ.