ಕುದ್ರು ಮಾಸ್ಟ್ರ ಹಾಜರಿ

ಲೈಫ್ ಜಾಕೆಟ್ಟಿಗೊಂದು ವಾಸನೆಯಿದೆ. ಹೊಳೆಯ ಉಪ್ಪು, ಮೀನಿನ ಬುಟ್ಟಿ, ನಿಮಗಿಂತ ಮೊದಲು ತೊಟ್ಟವರ ತಲೆಯ ತೆಂಗಿನೆಣ್ಣೆ, ಎಲ್ಲ ಸೇರಿ ಬಿಸಿಲಲ್ಲಿ ಒಣಗಿದ ವಾಸನೆ. ಮೂಸಿ ನೋಡಿ ಎಂದು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಹೋದ ಭಾನುವಾರ ಬೆಳಿಗ್ಗೆ, ಕುಂದಾಪುರದಾಚೆ ನಮ್ಮ ಕುದ್ರುವಿಗೆ ದೋಣಿ ಹತ್ತುವ ಕಡವಿನಲ್ಲಿ, ಅದನ್ನು ಕುತ್ತಿಗೆಗೆ ಇಳಿಸಿಕೊಂಡೆ ನೋಡಿ, ದೋಣಿಯತ್ತ ಒಂದು ಹೆಜ್ಜೆಯೂ ಇಡಲಾಗಲಿಲ್ಲ. ಪಕ್ಕದ ಕಂಬವನ್ನು ಹಿಡಿದು, ಅದು ಎಷ್ಟು ಗಟ್ಟಿಯಿದೆಯೆಂದು ಪರೀಕ್ಷಿಸಲು ಬಂದ ಎಂಜಿನಿಯರನಂತೆ ನಿಂತೆ.

ಕುದ್ರು ಎಂದರೆ ಹೊಳೆಯ ನಡುವಿನ ನೆಲ, ನೀವು ಬಲ್ಲಿರಿ. ನನ್ನ ಚಿಕ್ಕಪ್ಪನ ಮನೆ ಅಲ್ಲಿದೆ. ಬ್ರಹ್ಮಾವರದಲ್ಲಿ ಕಾಲೇಜು ಗ್ರಂಥಪಾಲಕನಾಗಿರುವ ನಾನು ನಾಲ್ಕು ವರ್ಷದಿಂದ ದೋಣಿ ಹತ್ತಿರಲಿಲ್ಲ. ಕರೆದಾಗಲೆಲ್ಲ ಪರೀಕ್ಷೆ, ತಪಾಸಣೆ, ನೆಗಡಿ. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಚಿಕ್ಕಮ್ಮ ಈಚೆ ದಡಕ್ಕೇ ತಂದು ಕೊಡುತ್ತಿದ್ದಳು. ಕಾರಣ ಕೇಳದಷ್ಟು ದೊಡ್ಡ ಮನಸ್ಸು ಅವಳದು. ಆದರೆ ಆ ಭಾನುವಾರ ಕುದ್ರುವಿನ ವಾಚನಾಲಯದಲ್ಲಿ ಮಾಸ್ಟ್ರಿಗೆ ನುಡಿನಮನ. ಅದನ್ನು ತಪ್ಪಿಸಿಕೊಳ್ಳುವ ನೆಗಡಿ ಇನ್ನೂ ಹುಟ್ಟಿಲ್ಲ.

ಮಾಸ್ಟ್ರು ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವರು. ನಾನೂ ಅವರ ತರಗತಿಯಲ್ಲಿ ಕೂತವನೇ, ಹೆಚ್ಚಾಗಿ ಕೊನೆಯ ಬೆಂಚಿನಲ್ಲಿ. ನಿವೃತ್ತರಾಗಿ ಹುಟ್ಟೂರಿಗೆ ಮರಳಿದ ದಿನ ಅವರ ಪ್ರೊಫೆಸರ್, ಡಾಕ್ಟರ್ ಎಲ್ಲ ಈಚೆ ಕಡವಿನಲ್ಲೇ ಉಳಿದವು. ಆಚೆ ಇಳಿದದ್ದು ಬರೀ ಮಾಸ್ಟ್ರು. ಕುಡಿಯುವ ನೀರಿನ ಪೈಪು, ವಾಚನಾಲಯ, ಹುಡುಗಿಯರಿಗೆ ಈಜು, ಒಂದೊಂದಕ್ಕೂ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದರು. ಈಜು ಕಲಿಸುತ್ತೇನೆಂದಾಗ ಕುದ್ರುವಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರಂತೆ. ಸುತ್ತ ನೀರಿದ್ದೂ ಈಜು ಬಾರದವರು ನಾವು, ಅದು ನಮಗೆ ವಿಚಿತ್ರವೆಂದು ಹೊಳೆದಿರಲೇ ಇಲ್ಲ.

ಅವರಿಗೊಂದು ಚಟವಿತ್ತು, ಹಾಜರಿ ಕರೆಯುವುದು. ದೋಣಿ ಬಿಡುವ ಮೊದಲು, ಸಭೆ ಶುರುವಾಗುವ ಮೊದಲು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಪ್ರತಿಯೊಬ್ಬರ ಹೆಸರು ಬರೆದು ಕೂಗಬೇಕು. ನಾವು "ಇದ್ದೆ" ಎನ್ನಬೇಕು. ಸಂಖ್ಯಾಶಾಸ್ತ್ರದ ಮನುಷ್ಯ ತಲೆ ಎಣಿಸಿ ಮುಗಿಸಬಾರದೇ ಎಂದು ಕೇಳಿದರೆ ಅವರ ಉತ್ತರ ಒಂದೇ: "ತಲೆ ಎಣ್ಸಿರೆ ತಲೆ ಸಿಕ್ಕತ್ತ್. ಯಾರ್ ಇಲ್ಲ ಅಂದ್ ತಿಳಿಕಾರೆ ಹೆಸ್ರ್ ಕರೀಕ್." ಅಂದರೆ, ಯಾರಿಲ್ಲವೆಂದು ತಿಳಿಯಬೇಕಾದರೆ ಹೆಸರೇ ಕರೆಯಬೇಕು. ಕೊಕ್ಕರ್ಣೆಯಲ್ಲಿ ಶಿಷ್ಯನೊಬ್ಬನ ಗೃಹಪ್ರವೇಶ ಮುಗಿಸಿ ಹೊರಟಾಗ ವ್ಯಾನಿನ ಬಾಗಿಲಲ್ಲಿ ನಿಂತು ಹದಿನಾಲ್ಕು ಜನರನ್ನು ಹೆಸರು ಕರೆದು ಹತ್ತಿಸಿದರು. ಮನೆಯಿಂದ ಏನೋ ಕಳವಾಗಿ ಅವರು ವಿಚಾರಣೆ ನಡೆಸುತ್ತಿದ್ದಾರೆಂದು ತಿಳಿದ ಶಿಷ್ಯನ ಮಾವ ಒಳಗೆ ಓಡಿ ಬೆಳ್ಳಿ ದೀಪ ನೋಡಿಕೊಂಡು ಬಂದರು.

ಹೆಂಗಸರ ವಿಷಯದಲ್ಲಂತೂ ಇನ್ನೂ ಹಠ. ಕೆಳಮನೆ ಅಜ್ಜಿ, ಮೇಲಿನಮನೆ ಸೊಸೆ ಎಂದರೆ ಬರೆಯುತ್ತಿರಲಿಲ್ಲ. ಒಮ್ಮೆ ಕೆಳಮನೆ ಅಜ್ಜಿಯನ್ನು ಹೆಸರೇನೆಂದು ಕೇಳಿದರು. ಅಜ್ಜಿ, "ತುಂಗ ಅಂದ್ ಇತ್ತ್ ಮಾಸ್ಟ್ರೇ, ಈಗ ಯಾರೂ ಕರೂದಿಲ್ಲ" ಎಂದಳು. ಅಂದಿನಿಂದ ಹೆಸರು ಕರೆಸಿಕೊಳ್ಳುವುದಕ್ಕೆಂದೇ ಅವಳು ವಾರಕ್ಕೆರಡು ಸಲ ಪೇಟೆಗೆ ಹೊರಡತೊಡಗಿದಳೆಂದು ಅವಳ ಮಗನ ದೂರು.

ಎಲ್ಲರ ಹೆಸರು ಕರೆಯುವ ಮಾಸ್ಟ್ರು ತಮ್ಮದನ್ನು ಮಾತ್ರ ಮರೆಯುತ್ತಿದ್ದರು. ದೋಣಿಯ ನಾಗೇಶಣ್ಣ, "ಮಾಸ್ಟ್ರೇ, ನೀವ್ ಬತ್ರಿಯಾ ಇಲ್ಯಾ?" ಎಂದು ಛೇಡಿಸುವನು. ಅವರು ನಾಚಿಕೊಂಡು "ಬತ್ತೆ, ಬತ್ತೆ" ಎಂದು ಬರೆದುಕೊಳ್ಳುವರು.

ಈಗ ನಾಲ್ಕು ವರ್ಷದ ಹಿಂದಿನ ಆ ದಿನಕ್ಕೆ ಬರಲೇಬೇಕು. ಎಷ್ಟು ಸುತ್ತಿ ಬಂದರೂ ನನ್ನ ನೆನಪು ಅಲ್ಲಿಗೇ ಬಂದು ನಿಲ್ಲುತ್ತದೆ.

ಚಿಕ್ಕಪ್ಪನ ಮಗಳು ಸುಜಾತಳನ್ನು ಬೈಂದೂರಿಗೆ ಮದುವೆ ಮಾಡಿ ಕೊಟ್ಟು ಒಂದು ವಾರವಾಗಿತ್ತು. ಅಳಿಯನ ಕಡೆಯವರು ಮದುಮಕ್ಕಳನ್ನು ಕರೆದುಕೊಂಡು ಕುದ್ರುವಿಗೆ ಊಟಕ್ಕೆ ಬರುವ ದಿನ. ಅವರನ್ನು ಎದುರುಗೊಳ್ಳಲು ನಾವು ಕೆಲವರು ಈಚೆ ದಡಕ್ಕೆ ಬಂದಿದ್ದೆವು. ಹಾಜರಿ ಶುರುವಾಯಿತು. ಮದುಮಗಳತ್ತ ಪೆನ್ಸಿಲು ತಿರುಗಿದಾಗ ಬೈಂದೂರಿನ ಅತ್ತೆ "ನಮ್ ಹೊಸ ಸೊಸಿ" ಎಂದರು. ಚಿಕ್ಕಮ್ಮ "ನಮ್ ಮಗಳಲ್ದಾ" ಎಂದಳು. ಹುಟ್ಟಿದಂದಿನಿಂದ ಅವಳನ್ನು ಬಲ್ಲ ಮಾಸ್ಟ್ರು, "ಎರಡ್ ಮನಿ ಹೇಳಿದ್ರಿ, ಹೆಸ್ರ್ ಒಬ್ರೂ ಹೇಳ್ಲಿಲ್ಲ" ಎಂದು ಅವಳ ಬಾಯಿಂದಲೇ ಹೇಳಿಸಿ ಬರೆದುಕೊಂಡರು. ಎಲ್ಲರೂ ನಕ್ಕೆವು.

ದೋಣಿ ಕುದ್ರುವಿನ ದಡ ಮುಟ್ಟುವುದರಲ್ಲಿತ್ತು. ಹಗ್ಗ ಇನ್ನೂ ಕಟ್ಟಿರಲಿಲ್ಲ. ಇಳಿಯುವ ಅವಸರದಲ್ಲಿ ಎಲ್ಲರೂ ಒಟ್ಟಿಗೆ ಎದ್ದು ಒಂದೇ ಬದಿಗೆ ವಾಲಿದರು. ಅಷ್ಟೇ, ದೋಣಿ ಮಗುಚಿತು.

ನೀರು ಎದೆಮಟ್ಟ. ಒಬ್ಬರನ್ನೊಬ್ಬರು ಎಳೆದುಕೊಂಡು ದಡ ಹತ್ತಿದೆವು. ಹೆದರಿಕೆ ಇಳಿಯುತ್ತಲೇ ನಗು ಬಂತು. ಅಳಿಯನ ಸೋದರಮಾವ ತೇಲಿಹೋಗುತ್ತಿದ್ದ ಲಾಡಿನ ಡಬ್ಬಿಯ ಹಿಂದೆ ಮತ್ತೆ ನೀರಿಗಿಳಿದರು. ನಾನು, ಓದಿದವನು, ಜವಾಬ್ದಾರಿಯವನು, ಚಿಕ್ಕಪ್ಪ ಚಿಕ್ಕಮ್ಮ ನಮ್ಮಜ್ಜಿ ಎಂದು ನಮ್ಮ ಮನೆಯವರನ್ನು ಎಣಿಸಿ, "ನಮ್ಮವ್ರ್ ಎಲ್ಲ ಇದ್ದ್ರ್" ಎಂದು ದೊಡ್ಡದಾಗಿ ಕೂಗಿದೆ. ಸೋದರಮಾವ ಡಬ್ಬಿ ಎತ್ತಿ ಹಿಡಿದು, ತಮ್ಮವರೂ ಎಲ್ಲ ಇದ್ದಾರೆಂದು ಕೂಗಿದರು. ಎರಡು ಮನೆಯ ಲೆಕ್ಕವೂ ಸರಿಯಿತ್ತು. ಮಗುಚಿದ ದೋಣಿ ಇಳಿತದ ನೀರಿನ ಜೊತೆ, ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು.

ಮಾಸ್ಟ್ರ ಕನ್ನಡಕ ಹೊಳೆಯ ಪಾಲಾಗಿತ್ತು, ಪುಸ್ತಕ ಜೇಬಿನಲ್ಲಿ ಮುದ್ದೆಯಾಗಿತ್ತು. ಅವರು ನೆನಪಿನಿಂದಲೇ ಹೆಸರು ಕರೆಯತೊಡಗಿದರು. "ಹ್ವಾಯ್ ಮಾಸ್ಟ್ರೇ, ಇಲ್ಲೂ ಹಾಜ್ರಿಯಾ?" ಎಂದು ಯಾರೋ ಕುಶಾಲು ಮಾಡಿದರು. ಅವರು ನಗಲಿಲ್ಲ.

"ಸುಜಾತ," ಎಂದರು. ಮತ್ತೊಮ್ಮೆ, "ಸುಜಾತ."

ಚಿಕ್ಕಮ್ಮ ಬೈಂದೂರಿನವರ ಗುಂಪಿನತ್ತ ನೋಡಿದಳು. ಹೆಂಡತಿ ಅವಳ ತಾಯಿಯ ಜೊತೆಗಿರಬಹುದು, ಒದ್ದೆ ಬಟ್ಟೆಯ ಹೆಂಗಸರ ಕಡೆ ನೋಡಬಾರದು ಎಂದು ಮುಖ ತಿರುಗಿಸಿ ನಿಂತಿದ್ದ ಅಳಿಯ ಆಗ ನಮ್ಮ ಗುಂಪಿನತ್ತ ತಿರುಗಿದ. ಎರಡು ನೋಟ ನಡುವೆ ಸಂಧಿಸಿದವು. ನಗು ನಿಂತಿತು. ನಗು ನಿಂತ ಮೇಲೆ ಕೇಳಿಸಿತು, ದೂರ ಸರಿಯುತ್ತಿದ್ದ ದೋಣಿಯ ಒಳಗಿಂದ: ಟಕ್, ಟಕ್, ಟಕ್.

ನಾಗೇಶಣ್ಣನೂ ಅಳಿಯನೂ ಒಟ್ಟಿಗೆ ಹಾರಿದರು. ಸೀರೆಯ ಸೆರಗು ದೋಣಿಯ ಹಲಗೆಗೆ ಸಿಕ್ಕಿಕೊಂಡಿತ್ತು; ಮಗುಚಿದ ದೋಣಿಯೊಳಗೆ ಉಳಿದಿದ್ದ ಒಂದು ಗೇಣು ಗಾಳಿಯಲ್ಲಿ ಅವಳು ಮೂಗು ಎತ್ತಿ ಹಿಡಿದು ಬಳೆಗೈಯಿಂದ ಬಡಿಯುತ್ತಿದ್ದಳು. ಸೆರಗು ಹರಿದು ಅವಳನ್ನು ತಂದರು. ದಡದಲ್ಲಿ ಉಸಿರು ಸರಿಯಾದ ಮೇಲೆ ಅವಳು ಮೊದಲು ನೋಡಿದ್ದು ಹರಿದ ಸೆರಗನ್ನು, ಅತ್ತದ್ದೂ ಅದಕ್ಕೇ. ಆಮೇಲೆ ನನ್ನ ಮುಖ ನೋಡಿ, ದೂರುವಂತೆಯೂ ಅಲ್ಲ, ಸುಮ್ಮನೆ ಹೇಳಿದಳು: "ನಾನ್ ಬಡೀತಿದ್ದೆ ಅಣ್ಣ. ನೀವ್ ನಗುದ್ ಕೇಣ್ತಿತ್ತ್."

ಈ ಮಾತನ್ನು ನಾನು ನಾಲ್ಕು ವರ್ಷದಿಂದ ಕೇಳುತ್ತಲೇ ಇದ್ದೇನೆ. ಗ್ರಂಥಾಲಯದಲ್ಲಿ ಯಾರಾದರೂ ಮೇಜು ಬಡಿದರೆ ಎದ್ದು ನಿಲ್ಲುತ್ತೇನೆ. ವಿದ್ಯಾರ್ಥಿಗಳು ನನ್ನನ್ನು ಬಹಳ ಶಿಸ್ತಿನವನೆಂದು ತಿಳಿದಿದ್ದಾರೆ.

ಕೆಲವು ದಿನಗಳ ಮೇಲೆ ಮಾಸ್ಟ್ರು ಹೊಸ ಕನ್ನಡಕಕ್ಕೆಂದು ಕುಂದಾಪುರಕ್ಕೆ ಬಂದಿದ್ದಾಗ ಕಂಡು ತಪ್ಪೊಪ್ಪಿಕೊಂಡೆ. ಅವರು ಗದರಲಿಲ್ಲ. "ನಿನ್ ಲೆಕ್ಕ ತಪ್ಪಿರ್ಲಿಲ್ಲ ಮಾರಾಯ. ಹೆಣ್ಣಿಗ್ ಎರಡ್ ಮನಿ ಅಂದ್ ನಾವೇ ಹೇಳುದ್. ಆ ಗಳಿಗಿಗೆ ಆ ಹೆಣ್ಣಿಗ್ ಒಂದ್ ಮನಿಯೂ ಇರ್ಲಿಲ್ಲ, ಅಷ್ಟೇ." ಆಮೇಲೆ ಅವರ ಚಪ್ಪಲಿ ಸವೆದದ್ದು ಈ ಲೈಫ್ ಜಾಕೆಟ್ಟುಗಳಿಗಾಗಿ. ಹೊಸ ನಿಯಮವೂ ಬಂತು: ಹೆಸರು ಹತ್ತುವಾಗ ಒಮ್ಮೆ, ಇಳಿದ ಮೇಲೆ ಇನ್ನೊಮ್ಮೆ.

ಹೀಗೆ ಹೋದ ಭಾನುವಾರ ನಾನು ಕಂಬ ಹಿಡಿದು ನಿಂತಿದ್ದೆ. ಸುಜಾತ ಗಂಡನೊಡನೆ ಆಗಲೇ ದೋಣಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಸಭೆಗೆ ಕಟ್ಟಬೇಕಾದ ಬ್ಯಾನರ್. ಅದರಲ್ಲಿ ಮಾಸ್ಟ್ರ ಭಾವಚಿತ್ರ, ಕೆಳಗೆ ವಾಸುದೇವ ಎಂಬ ಹೆಸರು. ನಾಗೇಶಣ್ಣ ಅದನ್ನು ಎರಡು ಸಲ ಓದಿ, "ನಮ್ ಮಾಸ್ಟ್ರಿಗೆ ಹೆಸ್ರೂ ಇತ್ತಾ" ಎಂದ. ಎಲ್ಲರೂ ನಕ್ಕರು. ಮತ್ತೆ ಅವನು ಪುಸ್ತಕವನ್ನೂ ಪೆನ್ಸಿಲನ್ನೂ ನನ್ನತ್ತ ಚಾಚಿ, ಇವತ್ತಿನ ಹಾಜರಿ ನನ್ನದೆಂದ. ಪುಸ್ತಕ ಹಿಡಿಯಲು ಕಂಬ ಬಿಡಬೇಕಾಯಿತು. ಬಿಟ್ಟೆ. ಹೇಗೋ ದೋಣಿಯೊಳಗಿದ್ದೆ.

ಒಬ್ಬೊಬ್ಬರ ಹೆಸರು ಕೇಳಿ ಬರೆದು ಕರೆದೆ. ತುಂಗಜ್ಜಿ ಎಲ್ಲರಿಗಿಂತ ಗಟ್ಟಿಯಾಗಿ "ಇದ್ದೆ" ಎಂದಳು. ಮುಗಿಯಿತೆಂದು ಪುಸ್ತಕ ಮುಚ್ಚುವಾಗ ಸುಜಾತ, "ಅಣ್ಣ, ಒಂದ್ ಹೆಸ್ರ್ ಬಾಕಿ" ಎಂದಳು. ನಾನು ಅವಳ ಮಡಿಲಿನ ಬ್ಯಾನರ್ ನೋಡಿ, ಪುಸ್ತಕವನ್ನು ಮತ್ತೆ ತೆರೆದೆ.

"ಅವ್ರದ್ದಲ್ಲ," ಎಂದಳು. "ನಿಮ್ದ್."

ಬರೆದುಕೊಂಡೆ. "ಇದ್ದೆ" ಎಂದೆ. ನಾಗೇಶಣ್ಣ ಹುಟ್ಟು ಹಾಕಿದ.

ಆಚೆ ದಡದಲ್ಲಿ ಹಗ್ಗ ಕಟ್ಟಿದ ಮೇಲೆ ಒಬ್ಬೊಬ್ಬರಾಗಿ ಇಳಿದೆವು. ನಿಯಮದಂತೆ ಎರಡನೆಯ ಸಲ ಪುಸ್ತಕ ತೆರೆದೆ. ಈ ಸಲ ನನ್ನ ಹೆಸರಿನಿಂದಲೇ ಶುರುಮಾಡಿದೆ.