ಮೆಹಿಟಬಲಳ ಕಪ್ಪು ಥಾನು
ಬಾಸ್ಟನ್ನಿನ ನಮ್ಮ ಬೀದಿಯ ಜವಳಿ ಅಂಗಡಿ ಮೆಹಿಟಬಲಳದು. ನಮ್ಮನ್ನು ಕೇಳದೆ ಇಂಗ್ಲೆಂಡಿನ ರಾಜ ಚಹಾ ಮೊದಲಾದವುಕ್ಕೆ ತೆರಿಗೆ ಹಾಕಿದಾಗ ಊರೆಲ್ಲ ಸೇರಿ ಇಂಗ್ಲೆಂಡಿನ ಸರಕು ಕೊಳ್ಳುವುದಿಲ್ಲವೆಂದು ಮಾತು ಕೊಟ್ಟಿತು. ಆ ಮಾತನ್ನು ಇವಳು ಹಿಡಿದಷ್ಟು ಬಿಗಿಯಾಗಿ ಪಾದ್ರಿ ಬೈಬಲ್ಲನ್ನೂ ಹಿಡಿದಿಲ್ಲ. ಲಂಡನ್ನಿನಿಂದ ಬಂದ ಬಟ್ಟೆಯ ಥಾನುಗಳು ಮಾರಾಟವಾಗದೆ ಕಪಾಟಿನಲ್ಲೇ ಇವೆ. ಯಾರಾದರೂ ಮುಟ್ಟಿದರೆ, "ಕೈ ತೆಗೀರಿ, ಅವು ಮಲಗಿವೆ" ಅನ್ನುತ್ತಾಳೆ. ಸುಂಕದ ಅಧಿಕಾರಿಯ ಹೆಂಡತಿ ಬಂದರೆ ಚಹಾದ ಬದಲು ಕಾಡುಹಣ್ಣಿನ ಎಲೆಯ ಕಷಾಯ ಕೊಟ್ಟು, "ರುಚಿ ಇಲ್ಲ, ತೆರಿಗೇನೂ ಇಲ್ಲ, ಕುಡೀರಿ ಅಮ್ಮಾವ್ರೆ" ಅನ್ನುತ್ತಾಳೆ. ಹೋದ ಚಳಿಗಾಲ ತನ್ನ ಮಗಳು ತೀರಿಕೊಂಡಾಗಲೂ ಇವಳು ಸಾವಿಗೆ ಉಡುವ ಕಪ್ಪು ಬಿಟ್ಟು, ಮನೆಯಲ್ಲಿ ನೇಯ್ದ ಕಂದು ಲಂಗದಲ್ಲೇ ಮಣ್ಣು ಮಾಡಲು ಹೋದಳು, ಕಲ್ಲೆದೆಯವಳು ಅಂದುಕೊಂಡೆವು. ನನ್ನ ಗಂಡ ಸತ್ತಾಗ ಕಪ್ಪು ಬಟ್ಟೆ ಕೇಳಲು ಹೋದೆ. ಕಪ್ಪು ಉಡದಿದ್ದರೆ ಅವನಿಗೆ ಅವಮಾನವೆಂದು ನನ್ನ ಸಂಕಟ. "ಕೊಡಲ್ಲ ತಂಗಿ," ಅಂದಳು. "ನಿನ್ನ ಎದೇಲಿ ಏನೂ ಇಲ್ವೇನೆ?" ಅಂದೆ. ಅವಳು ಕಪಾಟಿನಿಂದ ಲಂಡನ್ನಿನ ಕಪ್ಪು ಥಾನು ಇಳಿಸಿ ಬಿಚ್ಚಿದಳು. ಅಂಚಿನಲ್ಲಿ ಬೆರಳುದ್ದ ಕತ್ತರಿಸಿದ ಗುರುತಿತ್ತು. "ಮಗಳು ಹೋದ ದಿನ ಇಷ್ಟು ಕತ್ತರಿಸ್ದೆ. ಆಮೇಲೆ ಕತ್ತರಿ ಕೆಳಗಿಟ್ಟೆ." ಮಗಳಿಗಾಗಿ ಅಂಗಿಯ ತೋಳಿನೊಳಗೆ ಕಟ್ಟಿಕೊಂಡಿದ್ದ ಕಪ್ಪು ಪಟ್ಟಿ ಬಿಚ್ಚಿ ನನ್ನ ತೋಳಿಗೆ ಕಟ್ಟಿದಳು. ಅವಳೇ ನೂತು, ನೇಯ್ದು, ಬಣ್ಣ ಹಾಕಿದ್ದು. ನಾನೂ ಕಂದು ಲಂಗದಲ್ಲೇ ಗಂಡನ ಶವಪೆಟ್ಟಿಗೆಯ ಹಿಂದೆ ನಡೆದೆ.