ಒಂದೇ ಮೈಕಿನ ಡಬ್ಬಿ

ಸುರಪುರದ ಹತ್ತಿರದ ಹಳ್ಳಿಯೊಂದರಲ್ಲಿ ನೀರು ಬಿಡುವ ಕೆಲಸ ರಂಗಣ್ಣನದು. ಬೆಳಿಗ್ಗೆ ಯಾವ ಓಣಿಗೆ ಮೊದಲು ನೀರು ಎಂದು ಊರವರೆಲ್ಲ ಅವನ ಮುಖ ನೋಡುತ್ತಿದ್ದರು. ಸೋಮವಾರ ಸಂಜೆಯ ಭಜನೆಯಲ್ಲಿ ಮಾತ್ರ ಯಾರೂ ನೋಡುತ್ತಿರಲಿಲ್ಲ. ಅಲ್ಲಿ ಪದ ಎತ್ತುವವನು ಮರಿಲಿಂಗ. ವಯಸ್ಸಿನಲ್ಲಿ ಹಿರಿಯನಾದ ಅವನನ್ನು ರಂಗಣ್ಣ ಮಾವ ಎನ್ನುತ್ತಿದ್ದ. ಸಾಲಿನ ಕೊನೆಗೆ ಮಾವ ಉಸಿರು ಬಿಟ್ಟಲ್ಲಿಂದ ಹಿಡಿದು ಮೇಲಕ್ಕೊಯ್ಯುವುದು ರಂಗಣ್ಣನ ಪಾಲು. ಮದುವೆಯಾಗುವ ಮೊದಲಿನಿಂದಲೂ ಇದೇ ಜೋಡಿ. ತಿಂಥಣಿಯ ಜಾತ್ರೆಯಲ್ಲಿ ಹಾಡಿದಾಗಲೂ ಜನ "ಮರಿಲಿಂಗನ ಪದ ಕೇಳ್ರಿ" ಎನ್ನುತ್ತಿದ್ದರೇ ಹೊರತು ರಂಗಣ್ಣನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅದು ಅವನಿಗೆ ಚುಚ್ಚುತ್ತಿತ್ತು. ಹೆಂಡತಿ ದುರಗಮ್ಮನಿಗೂ ಹೇಳಿರಲಿಲ್ಲ.

ಪದಗಳನ್ನು ರೆಕಾರ್ಡ್ ಮಾಡಿ ಊರವರ ಮೊಬೈಲಿಗೆ ಹಾಕಬೇಕೆಂಬ ಹುಚ್ಚು ಹಿಡಿದದ್ದು ರಂಗಣ್ಣನಿಗೇ. ಮೊದಲು ಬರೀ ಮೊಬೈಲಿನಲ್ಲಿ ಹಿಡಿದ. ಹಾಡಿಗಿಂತ ಫ್ಯಾನಿನ ಗರಗರವೇ ಜೋರಾಗಿ ಕೇಳಿತು. ಆಗ ಯಾದಗಿರಿಯ ಬಸ್ಸು ಹತ್ತಿ, ಮೈಕು ಮಾರುವ ಬಸುವಿನ ಅಂಗಡಿಗೆ ಹೋದ.

ಬಸು ಮಾತಿನ ಮಲ್ಲ, ಆದರೆ ಗಿರಾಕಿಗೆ ಟೋಪಿ ಹಾಕುವವನಲ್ಲ. "ಮನಿ ಮ್ಯಾಲ ತಗಡಿನ ಪತ್ರಾ ಅವೇನ್ರಿ? ಹಂಗಿದ್ರ ಈ ಸ್ಟುಡಿಯೋ ಮೈಕ್ ಬ್ಯಾಡ. ಓಣ್ಯಾಗ ನಾಯಿ ಬೊಗಳಿದ್ದೂ ಹಿಡಿತದ. ಸ್ಟೇಜಿನ ಮೈಕ್ ಸಾಕು, ಬಾಯಿ ಹತ್ರ ಇಟ್ಕೊಂಡು ಹಾಡ್ರಿ. ಗೋಡಿಗೆ ಹೊದಿಯೋ ಕೌದಿ ಕಟ್ರಿ, ಗುಂಯ್ ಅನ್ನೋದು ನಿಂದರ್ತದ. ಮೈಕ್ ಮೊಬೈಲಿಗೆ ಹಚ್ಚೋ ಡಬ್ಬಿ ಮಾತ್ರ ಎರಡು ಮೈಕ್ ಹಿಡಿಯೋದು ತಗೋರಿ. ನೀವು ಇಬ್ರು ಕೂಡಿ ಹಾಡೋರು."

"ಒಂದ ಮೈಕಿಂದು ಕೊಡು," ಎಂದ ರಂಗಣ್ಣ. "ಮೊದಲ ಮಾವ ಹಾಡ್ಲಿ. ಆಮ್ಯಾಲ ನಾ ಅದನ್ನ ಕೇಳಿಕೋತ ಬ್ಯಾರೆ ಹಾಡ್ತೀನಿ. ವಿಡಿಯೋದಾಗ ಎಲ್ಲಾರೂ ಹಂಗ ಮಾಡ್ತಾರ."

"ಅವರು ಹಂಗ ಕಲ್ತಾರ್ರಿ. ನೀವು ಕಲ್ತಿಲ್ಲ."

ಅಗ್ಗವಾಗಿತ್ತು, ಅದಕ್ಕೇ ಕೊಂಡೆ ಎಂದು ರಂಗಣ್ಣ ಊರಿಗೆಲ್ಲ ಹೇಳಿದ. ಅಗ್ಗವೇನೋ ಹೌದು. ಆದರೆ ಬೇರೆ ಹಾಡಿದರೆ ತನ್ನ ದನಿ ಬೇರೆಯಾಗಿ ಕೇಳುತ್ತದೆ, ಇದು ಯಾರ ದನಿ ಎಂದು ಜನ ಒಮ್ಮೆಯಾದರೂ ವಿಚಾರಿಸುತ್ತಾರೆ ಎಂಬ ಆಸೆ ಎದೆಯಲ್ಲಿತ್ತು. ಆ ಆಸೆಗಾಗಿ ಅವನು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಒಳಗಿನ ಕೋಣೆಗೆ ದುರಗಮ್ಮ ಮನೆಯ ಕೌದಿಗಳನ್ನೆಲ್ಲ ಕಟ್ಟಿಕೊಟ್ಟಳು. ಮರಿಲಿಂಗ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಮದುವಣಿಗನಂತೆ ಬಂದ. ಕಿವಿಗೆ ಹೆಡ್‌ಫೋನ್ ಹಾಕಿದ್ದಕ್ಕೆ ನಕ್ಕ. ರಂಗಣ್ಣ ಬಾಯಿ ಮೇಲೆ ಬೆರಳಿಟ್ಟುಕೊಂಡು ಎದುರಿಗೆ ಕುಳಿತ.

ಪದ ಶುರುವಾಯಿತು. ಸಾಲಿನ ಕೊನೆ ಬಂದಾಗ ಮರಿಲಿಂಗ ರೂಢಿಯಂತೆ ಮಾತನ್ನು ಅರ್ಧಕ್ಕೇ ಬಿಟ್ಟು ರಂಗಣ್ಣನ ಕಡೆ ನೋಡಿದ. ರಂಗಣ್ಣ ಬೆರಳು ತೆಗೆಯಲಿಲ್ಲ. ಎರಡನೇ ನುಡಿಯಲ್ಲಿ ಮರಿಲಿಂಗ ತಾನೇ ಏರಲು ಹೋದ. ಉಸಿರು ಸಾಲದೆ ದನಿ ಒಡೆಯಿತು. ಅಷ್ಟೂ ಹೆಡ್‌ಫೋನಿನಲ್ಲಿ ಅವನಿಗೇ ಕೇಳಿತು. ಹಾಡು ನಿಲ್ಲಿಸಿ ಅದನ್ನು ಕಿವಿಯಿಂದ ತೆಗೆದ.

"ನನ್ನ ದನಿ ಹಿಂಗದ ಏನೋ ರಂಗ?"

ಒಬ್ಬರೇ ಹಾಡಿದರೆ ಯಾರ ದನಿಯಾದರೂ ಹೀಗೇ ಎಂದು ಸಮಾಧಾನ ಹೇಳಬಹುದಿತ್ತು. ಹೆಡ್‌ಫೋನ್ ಇಸಿದುಕೊಳ್ಳಲು ಮೈಕಿನ ಮೇಲೆ ಬಾಗಿದ್ದ ರಂಗಣ್ಣ ನಕ್ಕುಬಿಟ್ಟ. "ಮೊದಲಿಂದ ಹಿಂಗ ಅದ ಮಾವ. ನಾ ಮುಚ್ಚಿಗೋತ ಬಂದೀನಿ, ನಿನಗ ಗೊತ್ತಾಗಿಲ್ಲ."

ಮರಿಲಿಂಗ ಚಹಾ ಕುಡಿದು, ದುರಗಮ್ಮನಿಗೆ "ಬರ್ತೀನವ್ವ" ಎಂದು ಹೇಳಿ ಹೋದ. ಮುಂದಿನ ಸೋಮವಾರ ಭಜನೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ರಂಗಣ್ಣ ಅವನ ಮನೆಗೇ ಹೋಗಿ, "ತಪ್ಪಾತು ಮಾವ, ಬಾ" ಎಂದು ಕಾಲು ಹಿಡಿದ. ಮರಿಲಿಂಗ ಸಿಟ್ಟು ಮಾಡಲಿಲ್ಲ. ಬೈದಿದ್ದರಾದರೂ ಹಗುರಾಗುತ್ತಿತ್ತು.

"ನೀ ಸುಳ್ಳ ಹೇಳಿಲ್ಲೋ. ಇನ್ನ ಮ್ಯಾಲ ನೀನ ಹಾಡು," ಎಂದ.

ಆ ಸೋಮವಾರ ಭಜನೆಯವರು ತಾಳವನ್ನು ರಂಗಣ್ಣನ ಮುಂದಿಟ್ಟರು. ಎಲ್ಲರೂ ಅವನ ಮುಖವನ್ನೇ ನೋಡಿದರು. ಎಲ್ಲ ಪದಗಳ ಸಾಲಿನ ಕೊನೆ ಅವನಿಗೆ ಬಾಯಿಪಾಠ. ಮೊದಲ ಮಾತು ಮಾತ್ರ ನಾಲಿಗೆಗೆ ಬರಲೊಲ್ಲದು. ಅವನು ತಾಳವನ್ನು ಪಕ್ಕದವನ ಕಡೆ ಸರಿಸಿದ.

ಈಗಲೂ ನೀರು ಬಿಟ್ಟು ಬಂದ ಮೇಲೆ ಒಮ್ಮೊಮ್ಮೆ ಅವನು ಆ ರೆಕಾರ್ಡ್ ಹಚ್ಚಿಕೊಂಡು ಕೂಡುತ್ತಾನೆ. ಮಾವ ಬಿಟ್ಟಲ್ಲಿ ತಾನು ಹಿಡಿದು ಹಾಡುತ್ತಾನೆ. ಎಷ್ಟು ಚಂದ ಕೂಡುತ್ತದೆ ಎಂದು ಕಣ್ಣು ತುಂಬುತ್ತದೆ. ಎರಡನೇ ನುಡಿಯ ನಡುವೆ ಹಾಡು ನಿಲ್ಲುತ್ತದೆ. ಅವತ್ತು ರೆಕಾರ್ಡ್ ಬಂದ್ ಮಾಡುವುದನ್ನು ಮರೆತಿದ್ದ. ಮಾವನ ಪ್ರಶ್ನೆಯ ಹಿಂದೆ ಒಂದು ನಗು ಕೇಳುತ್ತದೆ, ಆಮೇಲೆ ಅವನು ಬಯಸಿದ ಹಾಗೆಯೇ ಸ್ವಚ್ಛವಾಗಿ, ಬೇರೆಯಾಗಿ ಅವನದೇ ದನಿ: "ನಾ ಮುಚ್ಚಿಗೋತ ಬಂದೀನಿ, ನಿನಗ ಗೊತ್ತಾಗಿಲ್ಲ."